ಸೂಲಂಗಿ ಬಂದ ಕಬ್ಬು, ಬುತ್ತಿ ಬಿಚ್ಚಿದ ಅತ್ತೆ: ನಮ್ಮೂರ ಶರತ್ಕಾಲದ ಫೋಟೊ ತೆಗೆಯುವುದು ಹೀಗೆ

ಶರತ್ಕಾಲದ ಫೋಟೊ ಅಂದರೆ ಮೊಬೈಲು ನಮಗೆ ತೋರಿಸುವುದು ಕಾಶ್ಮೀರದ ಚಿನಾರ್ ಮರ. ಕೆಂಪೆಲೆ, ಹಳದಿ ಎಲೆ, ಅದರ ನಡುವೆ ಸ್ವೆಟರ್ ಹಾಕಿಕೊಂಡ ಜೋಡಿ. ಕ್ಯಾಮೆರಾ ಕೊಂಡ ಮೊದಲ ವರ್ಷ ನಾನೂ ದಸರಾ ಮುಗಿದ ಮಾರನೇ ವಾರದಿಂದ ಮೈಸೂರಿನ ಬೀದಿ ಬೀದಿ ಸುತ್ತಿ ಕೆಂಪು ಮರ ಹುಡುಕಿದ್ದೆ. ಒಂದೂ ಸಿಗಲಿಲ್ಲ. ಸಿಗುವುದೂ ಇಲ್ಲ ಬಿಡಿ. ನಮ್ಮ ಕಡೆ ಕಾಡು ಎಲೆ ಉದುರಿಸಿ ಬೋಳಾಗುವುದು ಸಂಕ್ರಾಂತಿ ಕಳೆದ ಮೇಲೆ, ಬಿಸಿಲು ಏರುವ ಹೊತ್ತಿಗೆ. ಆಶ್ವಯುಜ, ಕಾರ್ತಿಕದಲ್ಲಿ ಇಲ್ಲಿ ಎಲ್ಲೆಲ್ಲೂ ಹಸಿರೇ.

ಹಾಗಾದರೆ ತೆಗೆಯುವುದು ಏನನ್ನು? ಐದಾರು ವರ್ಷ ಭಾನುವಾರಗಳನ್ನೆಲ್ಲ ಇದಕ್ಕೇ ಸುರಿದು, ಮನೆಯವರ ಕೈಲಿ ಚೆನ್ನಾಗಿ ಬೈಸಿಕೊಂಡು ಕಲಿತದ್ದನ್ನು ಹೇಳುತ್ತೇನೆ. ದೊಡ್ಡ ಕ್ಯಾಮೆರಾನೇ ಬೇಕು ಅಂತೇನಿಲ್ಲ, ಮೊಬೈಲಿದ್ದರೂ ನಡೆಯುತ್ತದೆ.

ಮೊದಲು, ಹುಡುಕುವುದು ಏನನ್ನು ಅಂತ ಗೊತ್ತಿರಲಿ

ಮಂಡ್ಯ ಸೀಮೆಯಲ್ಲಿ ಈ ಕಾಲಕ್ಕೆ ದೊಡ್ಡ ಗುರುತು ಕಬ್ಬಿನ ಸೂಲಂಗಿ. ನವೆಂಬರ್ ಹೊತ್ತಿಗೆ ಬೆಳೆದು ನಿಂತ ಕಬ್ಬಿನ ತುದಿಯಲ್ಲಿ ಬೂದು ಬಿಳುಪಿನ ಗರಿ ಎದ್ದಿರುತ್ತದೆ. ಸೂರ್ಯನನ್ನು ಬೆನ್ನಿಗೆ ಹಾಕಿಕೊಂಡು ತೆಗೆದರೆ ಅದು ಹಳೇ ಪೊರಕೆ ತರಹ ಕಾಣುತ್ತದೆ. ಗದ್ದೆಯ ಆ ಬದಿಗೆ ಹೋಗಿ, ಸೂರ್ಯ ಸೂಲಂಗಿಯ ಹಿಂದೆ ಬರುವ ಹಾಗೆ ನಿಂತು ನೋಡಿ, ಒಂದೊಂದು ಎಳೆಯೂ ಬೆಳ್ಳಿ ಥರ ಹೊಳೆಯುತ್ತದೆ. ಆದರೆ ಬದುವಿನ ಮೇಲೆ ಕಾಲಿಡುವ ಮುಂಚೆ ಗದ್ದೆಯವರನ್ನು ಒಂದು ಮಾತು ಕೇಳಿ. ಹೂ ಬಂತು ಅಂದರೆ ಕಬ್ಬು ಬೆಳೆಯುವುದು ನಿಂತಿತು ಅಂತ ಲೆಕ್ಕ, ಹಾಗೇ ಬಿಟ್ಟರೆ ಒಳಗೆ ಬೆಂಡಾಗುತ್ತದೆ. ಪಾಂಡವಪುರದ ಹತ್ತಿರ ಒಬ್ಬ ರೈತರು ನನ್ನ ಸಂಭ್ರಮ ನೋಡಿ, “ನಿಂಗೆ ಚೆಂದ ಕಾಣ್ತದೆ ಕಣಪ್ಪ, ನಂಗೆ ತೂಕ ಹೋಗದು ಕಾಣ್ತದೆ” ಅಂದಿದ್ದರು.

ಕಬ್ಬು ಬಿಟ್ಟರೆ ರಾಗಿ ಹೊಲ. ಅಕ್ಕಡಿಸಾಲಿನಲ್ಲಿ, ಅಂದರೆ ರಾಗಿಯ ನಡುವೆ ಬೇರೆ ಬೆಳೆ ಬಿತ್ತುವ ಸಾಲಿನಲ್ಲಿ, ಹುಚ್ಚೆಳ್ಳು ಹೂ ಬಿಟ್ಟಿದ್ದರೆ ಹಸಿರಿನ ನಡುವೆ ಹಳದಿ ಗೀಟು ಎಳೆದ ಹಾಗಿರುತ್ತದೆ. ಆಮೇಲೆ ಹಣ್ಣಾಗುವ ಭತ್ತ. ಆಮೇಲೆ ಆಲೆಮನೆ, ಅದರಲ್ಲೂ ಬೆಳಗಿನ ಹೊತ್ತು. ಕೊಪ್ಪರಿಗೆಯಿಂದ ಏಳುವ ಹಬೆಯ ಒಳಗೆ ಸೂರಿನ ಸಂದಿಯಿಂದ ಬಿಸಿಲ ಕೋಲು ಇಳಿಯುತ್ತದಲ್ಲ, ಅದನ್ನು ಹಿಡಿಯಲು ನಾನು ಮೂರು ಸಲ ಹೋಗಿದ್ದೇನೆ. ಮಕ್ಕಳನ್ನು ಕರೆದುಕೊಂಡು ಹೋದರೆ ಕೊಪ್ಪರಿಗೆಯಿಂದ ದೂರ ನಿಲ್ಲಿಸಿ, ಕುದಿಯುವ ಕಬ್ಬಿನ ಹಾಲು ಅದು.

ಹಕ್ಕಿ ಬೇಕು ಅನ್ನುವವರಿಗೆ ಒಂದು ಮಾತು. ನಾನು ಒಂದು ನವೆಂಬರಿನಲ್ಲಿ ಹೆಂಡತಿ ಮಗಳನ್ನು ಕೊಕ್ಕರೆ ಬೆಳ್ಳೂರಿಗೆ ಕರೆದುಕೊಂಡು ಹೋಗಿ, ಖಾಲಿ ಹುಣಸೆ ಮರ ತೋರಿಸಿಕೊಂಡು ಬಂದೆ. ಅಲ್ಲಿ ಗೂಡು ಕಟ್ಟುವ ಗಲಾಟೆ ಹೊಸ ವರ್ಷದ ಆಚೆಗೆ. 1940ರಲ್ಲೇ ಪಕ್ಷಿಧಾಮವಾದ ರಂಗನತಿಟ್ಟಿನಲ್ಲೂ ಗೂಡು, ಮರಿಗಳ ಭರಾಟೆ ಬೇಸಿಗೆ ಕಡೆಗೇ. ಮೇಲಾಗಿ ಹೊಳೆಯಲ್ಲಿ ನೀರು ಜಾಸ್ತಿ ಇದ್ದರೆ ದೋಣಿ ಬಿಡುವುದಿಲ್ಲ, ವಿಚಾರಿಸಿಕೊಂಡೇ ಹೊರಡಿ.

ಹೊತ್ತು ನೋಡಿಕೊಂಡು ಹೊರಡಿ

ಏಪ್ರಿಲ್ ಕೊನೆಯಲ್ಲಿ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯ ಮೇಲೇ ಇರುತ್ತಾನೆ, ಕಣ್ಣು ಮೂಗಿನ ಕೆಳಗೆಲ್ಲ ಕಪ್ಪು ನೆರಳು. ನವೆಂಬರ್ ಮಧ್ಯಕ್ಕೆ ಅವನು ತೆಂಕಣಕ್ಕೆ ಸರಿದು, ನಡುಮಧ್ಯಾಹ್ನದಲ್ಲೂ 60 ಡಿಗ್ರಿಗಿಂತ ಮೇಲೆ ಏರುವುದಿಲ್ಲ. ಬೆಳಕು ಓರೆಯಾಗಿ ಬೀಳುತ್ತದೆ, ಮುಖಕ್ಕೆ ಒಳ್ಳೆಯದು. ಜೊತೆಗೆ ಮಳೆ ಗಾಳಿಯ ಧೂಳನ್ನು ತೊಳೆದಿರುತ್ತದೆ. ಹಾಗಂತ ಹನ್ನೆರಡು ಗಂಟೆಗೆ ಹೊರಡಬೇಡಿ ಮತ್ತೆ! ಬೆಳಿಗ್ಗೆ ಆರೂವರೆಯಿಂದ ಎಂಟು, ಸಂಜೆ ನಾಲ್ಕೂವರೆಯಿಂದ ಆರು. ಇಷ್ಟೇ ನನ್ನ ಹೊತ್ತು.

ಅಕ್ಟೋಬರಿನಲ್ಲಿ ಸಂಜೆ ಮಳೆ ಗ್ಯಾರಂಟಿ ಅಂತಲೇ ಇಟ್ಟುಕೊಳ್ಳಿ. ಒಂದು ಪ್ಲಾಸ್ಟಿಕ್ ಕವರ್ ಜೇಬಿನಲ್ಲಿರಲಿ. ಮಳೆ ಬಂತು ಅಂತ ಓಡಿ ಕಾರು ಹತ್ತಬೇಡಿ, ಬಿಡುವವರೆಗೂ ಕಾಯಿರಿ. ಮಳೆ ಬಿಟ್ಟ ಹತ್ತು ನಿಮಿಷದಲ್ಲಿ ಪಡುವಣದ ಮೋಡ ಹರಿದು ಬರುವ ಬೆಳಕು ಇದೆಯಲ್ಲ, ವರ್ಷವಿಡೀ ಅಂಥದ್ದು ಸಿಗುವುದಿಲ್ಲ. ಇನ್ನು ಬೆಳಗಿನ ಮಂಜು ಬೇಕಾದರೆ ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಗೆ ಬನ್ನಿ. ಎಸಿ ಹಾಕಿದ ಕಾರಿನಿಂದ ಇಳಿದ ಕೂಡಲೇ ಲೆನ್ಸಿನ ಮೇಲೆ ಹಬೆ ಕೂರುತ್ತದೆ, ಒರೆಸಿದಷ್ಟೂ ಕೂರುತ್ತದೆ. ಸುಮ್ನೆ ಹತ್ತು ನಿಮಿಷ ಬಿಡಿ, ತಾನೇ ಹೋಗುತ್ತದೆ.

ಸೆಟ್ಟಿಂಗು, ಬೇಗ ಮುಗಿಸೋಣ

ಮೊಬೈಲಿನವರು ಮೊದಲು ಲೆನ್ಸು ಒರೆಸಿ. ನಗಬೇಡಿ, ಅರ್ಧ ಫೋಟೊ ಮಸುಕಾಗುವುದು ಬೆರಳಿನ ಎಣ್ಣೆಯಿಂದಲೇ. ಆಮೇಲೆ ಮುಖದ ಮೇಲೆ ಒತ್ತಿ, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಚೂರು ಕೆಳಗೆ ಎಳೆಯಿರಿ. ಎರಡು ಬೆರಳಿಟ್ಟು ಹಿಗ್ಗಿಸುವ ಬದಲು ನಾಲ್ಕು ಹೆಜ್ಜೆ ಮುಂದೆ ಹೋಗಿ.

ಕ್ಯಾಮೆರಾ ಇರುವವರು ಅಪರ್ಚರ್ ಪ್ರಯಾರಿಟಿಗೆ ಇಟ್ಟುಕೊಳ್ಳಿ, ಅಂದರೆ ಲೆನ್ಸಿನ ಕಿಂಡಿ ಎಷ್ಟು ತೆರೆಯಬೇಕು ಅನ್ನುವುದನ್ನು ನೀವೇ ಹೇಳುವ ಮೋಡ್. ಎಫ್ ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು, ಹಿಂದೆ ಮುಂದೆ ಇರುವವರೂ ಸ್ಪಷ್ಟ. ಒಬ್ಬರೇ ಆದರೆ ಎಫ್/2.8 ಸಾಕು, ನಾಲ್ಕೈದು ಜನ ಹಿಂದೆ ಮುಂದೆ ಕೂತಿದ್ದರೆ ಎಫ್/5.6, ಇಲ್ಲದಿದ್ದರೆ ಅಜ್ಜಿ ಮುಖ ಸ್ಪಷ್ಟ, ತಾತನದು ಮಸುಕು. ಮಕ್ಕಳಿದ್ದಾರೆ ಅಂದರೆ ಶಟರ್ ವೇಗ ಕನಿಷ್ಠ 1/250 ಸೆಕೆಂಡ್, ಓಡುತ್ತಿದ್ದರೆ 1/500. ಐಎಸ್‌ಒ, ಅಂದರೆ ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಂಕಿ, ಅದನ್ನು ಆಟೋದಲ್ಲಿಟ್ಟು 3200ರ ಮಿತಿ ಹಾಕಿ. ಆಲೆಮನೆ ಒಳಗೆ ಅದಷ್ಟೂ ಬೇಕಾಗುತ್ತದೆ.

ಒಂದು ವಿಷಯ ಮಾತ್ರ ಯಾರೂ ನನಗೆ ಮೊದಲೇ ಹೇಳಲಿಲ್ಲ: ವೈಟ್ ಬ್ಯಾಲೆನ್ಸ್, ಅಂದರೆ ಬೆಳಕಿನ ಬಣ್ಣವನ್ನು ಕ್ಯಾಮೆರಾ ಸರಿದೂಗಿಸುವ ಸೆಟ್ಟಿಂಗು. ಆಟೋದಲ್ಲಿಟ್ಟರೆ ಕ್ಯಾಮೆರಾ ಸಂಜೆಯ ಹೊಂಬಿಸಿಲನ್ನು ತಪ್ಪು ಅಂದುಕೊಂಡು ತಿದ್ದಿಬಿಡುತ್ತದೆ, ಹಳದಿಯೆಲ್ಲ ಬಿಳಿಚಿಕೊಳ್ಳುತ್ತದೆ. ಡೇಲೈಟ್ ಅಥವಾ ಕ್ಲೌಡಿ ಅನ್ನುವುದಕ್ಕೆ ಬದಲಿಸಿ. ಎರಡು ವರ್ಷದ ನನ್ನ ಸಂಜೆಗಳು ಹೀಗೇ ಬೆಳ್ಳಗಾಗಿ ಹೋದವು.

ಈಗ ಮನೆಯವರು

ಕಷ್ಟ ಇರುವುದು ಇಲ್ಲೇ. ಸೂಲಂಗಿ ಹೇಳಿದಲ್ಲಿ ನಿಲ್ಲುತ್ತದೆ, ಅತ್ತೆ ನಿಲ್ಲುವುದಿಲ್ಲ.

ಕಾರ್ತಿಕದ ಒಂದು ಭಾನುವಾರ ನಾವು ಒಂಬತ್ತು ಜನ ಮೇಲುಕೋಟೆಗೆ ಹೋಗಿದ್ದೆವು. ಮನೆಯಲ್ಲೇ ಕಲಸಿದ ಪುಳಿಯೋಗರೆ, ಮೊಸರನ್ನ, ಹಪ್ಪಳದ ಡಬ್ಬಿ. ಮೇಲುಕೋಟೆಗೆ ಪುಳಿಯೋಗರೆ ಕಟ್ಟಿಕೊಂಡು ಹೋದ ಜನ ನಾವೊಬ್ಬರೇ ಇರಬೇಕು. ಕಲ್ಯಾಣಿ ಮೆಟ್ಟಿಲ ಮೇಲೆ ನಾನು ಎಲ್ಲರನ್ನೂ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿ, ಹಿಂದೆ ಯೋಗಾನರಸಿಂಹನ ಬೆಟ್ಟ ಬರುವ ಹಾಗೆ ಹೊಂದಿಸಿ, ಚಿಕ್ಕಪ್ಪ ಸ್ವಲ್ಪ ಎಡಕ್ಕೆ, ಅಮ್ಮ ಸೆರಗು ಸರಿಮಾಡು ಅಂತ ಇಪ್ಪತ್ತು ನಿಮಿಷ ಕಳೆದೆ. “ಅದೇನ್ ಹಿಡೀತಾನೋ ಗಂಟೆಗಟ್ಲೆ, ಹೊಟ್ಟೆ ಹಸೀತದೆ ಬಾರ್ಲಾ” ಅಂತ ಅತ್ತೆ ಬುತ್ತಿ ಬಿಚ್ಚಿಯೇಬಿಟ್ಟರು. ಸಾಲಿನ ಫೋಟೊದಲ್ಲಿ ಒಂಬತ್ತೂ ಜನ ಪಾಸ್‌ಪೋರ್ಟ್ ಆಫೀಸಿನಲ್ಲಿ ಕೂತ ಹಾಗಿದ್ದಾರೆ. ಬೇಸರದಲ್ಲಿ ಸುಮ್ನೆ ಒತ್ತಿದ, ಅತ್ತೆ ಡಬ್ಬಿಯ ಮುಚ್ಚಳ ಹಲ್ಲಿನಲ್ಲಿ ಕಚ್ಚಿ ತೆಗೆಯುತ್ತಿರುವ ಫೋಟೊ ಈಗ ನಮ್ಮ ಮನೆಯ ಹಾಲ್‌ನಲ್ಲಿದೆ.

ಅವತ್ತಿನಿಂದ ನನ್ನ ಕ್ರಮ ಬದಲಾಯಿತು. ಮೊದಲು ಸಾಲಿನ ಫೋಟೊ ಒಂದು ತೆಗೆದುಬಿಡಿ, ಅದಿಲ್ಲದಿದ್ದರೆ ಹಿರಿಯರಿಗೆ ಸಮಾಧಾನ ಇಲ್ಲ. ಎರಡೇ ನಿಮಿಷ. “ಆಯ್ತು” ಅನ್ನಿ, ಆದರೆ ಕ್ಯಾಮೆರಾ ಇಳಿಸಬೇಡಿ. “ಆಯ್ತು” ಅಂದ ಮರುಕ್ಷಣ ಎಲ್ಲರ ಹೆಗಲು ಸಡಿಲವಾಗುತ್ತದೆ, ಯಾರೋ ಯಾರನ್ನೋ ನೋಡಿ ನಗುತ್ತಾರೆ, ಮಗು ಇಳಿದು ಓಡುತ್ತದೆ. ಆ ಹತ್ತು ಸೆಕೆಂಡ್ ಬಿಡದೆ ಒತ್ತುತ್ತಾ ಇರಿ.

ಆಮೇಲೆ ಜನರ ಹಿಂದೆ ಅಲೆಯಬೇಡಿ. ಬೆಳಕು ಚೆನ್ನಾಗಿ ಬೀಳುವ ಒಂದು ಜಾಗ ನೋಡಿ ಜಮಖಾನ ಅಲ್ಲೇ ಹಾಸಿಸಿ. ಎಲ್ಲಿ ಕೂರುವುದು ಅನ್ನುವುದನ್ನು ನೀವು ತೀರ್ಮಾನ ಮಾಡಿದರೆ ಮುಕ್ಕಾಲು ಕೆಲಸ ಮುಗಿಯಿತು, ಉಳಿದದ್ದನ್ನು ಅವರು ಊಟ ಮಾಡುತ್ತಾ, ಕಡ್ಲೆಕಾಯಿ ಸುಲಿಯುತ್ತಾ, ಒಬ್ಬರ ಮೇಲೊಬ್ಬರು ಚಾಡಿ ಹೇಳುತ್ತಾ ತಾವೇ ಮಾಡುತ್ತಾರೆ. ನೀವೂ ಒಂದು ತಟ್ಟೆ ಹಿಡಿದು ಅವರ ಜೊತೆಗೇ ಕೂತುಬಿಡಿ. ಕೂತವರ ಕಣ್ಣಿನ ಮಟ್ಟದಲ್ಲಿ ಕ್ಯಾಮೆರಾ ಇದ್ದರೆ ಚಿತ್ರವೇ ಬೇರೆ ಥರ ಬರುತ್ತದೆ.

ಸೂರ್ಯ ಹಿಂದಿದ್ದು ಮುಖ ಕಪ್ಪಾಗುತ್ತಿದೆಯಾ? ಎದುರಿಗೆ ಬಿಳಿ ಪಂಚೆ ಉಟ್ಟವರನ್ನು ಕೂರಿಸಿ. ತಮಾಷೆಯಲ್ಲ, ನಮ್ಮಪ್ಪನ ಪಂಚೆಗಿಂತ ಒಳ್ಳೆಯ ರಿಫ್ಲೆಕ್ಟರ್ ನನಗೆ ಇನ್ನೂ ಸಿಕ್ಕಿಲ್ಲ. ಬಿಸಿಲು ಪಂಚೆಗೆ ಬಿದ್ದು ಎದುರಿನವರ ಗಲ್ಲದವರೆಗೂ ಮೆತ್ತಗೆ ಬೆಳಕು ಹರಡುತ್ತದೆ.

ನೀರಿನ ಹತ್ತಿರ ಮಾತ್ರ ಈ ಆಟ ಬೇಡ. ಬಲಮುರಿ, ಎಡಮುರಿ, ಶ್ರೀರಂಗಪಟ್ಟಣದ ಸಂಗಮ, ಎಲ್ಲವೂ ಚೆಂದವೇ. ಆದರೆ ಕೆಆರ್‌ಎಸ್ ಅಣೆಕಟ್ಟು ಪೂರ್ತಿ 124.80 ಅಡಿಗೆ ತುಂಬಿದ ವರ್ಷ ಯಾವಾಗ ನೀರು ಬಿಡುತ್ತಾರೋ, ಹೊಳೆ ಯಾವಾಗ ಏರುತ್ತದೋ, ದಡದಲ್ಲಿ ನಿಂತವರಿಗೆ ಗೊತ್ತಾಗುವುದಿಲ್ಲ. ಪಾಚಿ ಕಟ್ಟಿದ ಬಂಡೆಯ ಮೇಲೆ ಮಕ್ಕಳನ್ನು ನಿಲ್ಲಿಸಿ “ಇನ್ನೊಂದು ಚೂರು ಹಿಂದೆ” ಅನ್ನುವವರನ್ನು ನೋಡಿದರೆ ನನಗೆ ಮೈ ಉರಿಯುತ್ತದೆ.

ಅರಮನೆ ದೀಪದ ಬಗ್ಗೆ ಒಂದು ನಿಜ

ಮೈಸೂರಿಗೆ ಬಂದ ಮೇಲೆ ಭಾನುವಾರ ರಾತ್ರಿ ಏಳಕ್ಕೆ ಅರಮನೆ ದೀಪ ನೋಡದೆ ಯಾರೂ ಹೋಗುವುದಿಲ್ಲ. ಹೆಚ್ಚುಕಮ್ಮಿ ಒಂದು ಲಕ್ಷ ಬಲ್ಬು. ಆದರೆ ಹಿಂದೆ ಕಡುನೀಲಿ ಆಕಾಶ ಇರುವ ಫೋಟೊ ನೋಡಿ ಬಂದವರಿಗೆ ನವೆಂಬರಿನಲ್ಲಿ ಅದು ಸಿಗುವುದಿಲ್ಲ. ಈ ತಿಂಗಳು ಸೂರ್ಯ ಆರಕ್ಕೆ ಮುಂಚೆಯೇ ಮುಳುಗುತ್ತಾನೆ, ಏಳರ ಹೊತ್ತಿಗೆ ಆಕಾಶ ಕಾಡಿಗೆ ಕಪ್ಪು. ನೀಲಿ ಬೇಕಾದರೆ ಜೂನ್, ಜುಲೈನಲ್ಲಿ ಬನ್ನಿ, ಆಗ ಸೂರ್ಯ ಮುಳುಗುವುದೇ ಏಳರ ಹತ್ತಿರ. ಈಗ ಬಂದರೆ ಅರಮನೆಗೆ ಬೆನ್ನು ಹಾಕಿ, ದೀಪ ಹತ್ತಿದ ಕ್ಷಣ ಹೊಳೆಯುವ ನಿಮ್ಮ ಮಕ್ಕಳ ಮುಖ ತೆಗೆಯಿರಿ. ಫ್ಲ್ಯಾಷ್ ಆಫ್ ಇರಲಿ.

ಮನೆಗೆ ಬಂದ ಮೇಲೆ

ಅವತ್ತೇ ಅಳಿಸಲು ಕೂರಬೇಡಿ, ಎರಡು ದಿನ ಬಿಡಿ. ಮುನ್ನೂರರಲ್ಲಿ ಇಪ್ಪತ್ತು ಉಳಿಸಿಕೊಂಡರೆ ಜಾಸ್ತಿಯೇ ಆಯಿತು. ತಿದ್ದಲು ಸ್ನ್ಯಾಪ್‌ಸೀಡ್ ಆ್ಯಪ್ ಸಾಕು, ಆದರೆ ಅದರಲ್ಲಿ ಬಣ್ಣ ಏರಿಸುವ ಗೀಟಿಗೆ (ಸ್ಯಾಚುರೇಶನ್) ಕೈ ಹಾಕಬೇಡಿ. ಹಾಕಿದರೆ ಗದ್ದೆ ಪ್ಲಾಸ್ಟಿಕ್ ಹುಲ್ಲಾಗುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವಾದರೆ ಅದು ಫೋಟೊವನ್ನು ಹಿಂಡಿ ಹಿಪ್ಪೆ ಮಾಡುತ್ತದೆ. ಒಂದು ಪ್ರತಿ ಬೇರೆ ಡಿಸ್ಕಿನಲ್ಲಿ ಇಡಿ.

ಮತ್ತೆ ಪ್ರಿಂಟ್ ಹಾಕಿಸಿ. ನಾಲ್ಕು ಇಂಚು ಆರು ಇಂಚಿನದು ಸಾಕು, ಹಳ್ಳಿಯಲ್ಲಿರುವವರಿಗೆ ಕೈಯಲ್ಲಿ ಹಿಡಿಯಲು ಏನಾದರೂ ಬೇಕು. ಡಬ್ಬಿ ಮುಚ್ಚಳದ ಫೋಟೊವನ್ನು ಅತ್ತೆಗೆ ಕೊಟ್ಟಾಗ ಅವರು ಒಂದು ನಿಮಿಷ ನೋಡಿದರು, ಕನ್ನಡಕ ತೆಗೆದು ಮತ್ತೆ ಹಾಕಿಕೊಂಡು ನೋಡಿದರು. “ಇದಾ? ಸಾಲಾಗಿ ನಿಂತಿದ್ವಲ್ಲ, ಅದ್ಕೊಡ್ಲಾ” ಅಂದರು.