ಟಿಪ್ಸ್ ನಿಲ್ಲಿಸಿದೆ, ಅರ್ಧ ಮಂಡೆಬಿಸಿ ಇಳಿಯಿತು

ನನ್ನದು ಮಂಗಳೂರಿನಲ್ಲಿ ಎಣ್ಣೆ ತಿಕ್ಕುವ, ಮಸಾಜಿನ ಕೆಲಸ. ಟಿಪ್ಸ್ ಇಲ್ಲದಿದ್ದರೆ ಹುಡುಗಿಯರು ಎರಡು ತಿಂಗಳೂ ನಿಲ್ಲುವುದಿಲ್ಲ ಅಂತ ನನಗೆ ಹೇಳದವರಿಲ್ಲ. ಇದೇ ಕೆಲಸದಲ್ಲಿರುವವರೇ ಹೇಳಿದ್ದು. ಟಿಪ್ಸ್ ನಿಲ್ಲಿಸಿ ಈಗ ಆರೇಳು ವರ್ಷ ಆಯ್ತು. ನಾಲ್ವರಲ್ಲಿ ಮೂವರು ಇನ್ನೂ ನನ್ನ ಜೊತೆಗೇ ಇದ್ದಾರೆ. ನಾಲ್ಕನೆಯವಳು ಬಿಟ್ಟದ್ದು ಗಂಡನ ಜೊತೆ ಮಸ್ಕತ್‌ಗೆ ಹೋಗಲಿಕ್ಕೆ.

ನನ್ನ ಅಜ್ಜಿ ಕಟಪಾಡಿಯಲ್ಲಿ ಬಾಣಂತಿಯರನ್ನು ಮೀಯಿಸುತ್ತಿದ್ದರು. ಬೆಳಿಗ್ಗೆ ಆರಕ್ಕೆ ಹೊರಟರೆ ಮೂರು ಮನೆ ಮುಗಿಸಿ ಬರುವಾಗ ಹನ್ನೊಂದು. ಎಣ್ಣೆ ತಿಕ್ಕುವುದು, ಬಿಸಿನೀರು ಹೊಯ್ಯುವುದು, ಮಗುವನ್ನು ಕಾಲ ಮೇಲೆ ಮಲಗಿಸಿ ತಟ್ಟುವುದು. ಹೋದ ಮನೆಯಲ್ಲೆಲ್ಲ ಸೀರೆ, ಅಕ್ಕಿ, ಮರ್ಯಾದೆ. ಅದೇ ಕೈಕೆಲಸ ಹಿಡಿದುಕೊಂಡು ಮೊಮ್ಮಗಳು ನಾನು ಮಂಗಳೂರಿನಲ್ಲಿ ಬೋರ್ಡ್ ಹಾಕಿದರೆ ನೆಂಟರೇ ಕೇಳಿದರು, "ಅಂಥ ಅಂಗಡಿಯಾ?"

ಮೊದಲ ಅಂಗಡಿ ಕಂಕನಾಡಿ ಕಡೆ, 2016ರಲ್ಲಿ. ಒಂದನೇ ಮಹಡಿ, ಎರಡು ಲಕ್ಷ ಅಡ್ವಾನ್ಸ್, ಬಾಡಿಗೆ ಇಪ್ಪತ್ತೆರಡು ಸಾವಿರ ಇರಬೇಕು. ಬೋರ್ಡಿನಲ್ಲಿ ದೊಡ್ಡದಾಗಿ ಸ್ಪಾ ಅಂತ ಬರೆಸಿದೆ. ಬಾಗಿಲಿಗೆ ಕಪ್ಪು ಗಾಜು. ಹೋಟೆಲುಗಳಲ್ಲಿ ನೋಡಿದ್ದನ್ನೇ ಮಾಡಿದ್ದು. ಹೆಂಗಸರಿಗೆ ಹೆಂಗಸರು, ಗಂಡಸರಿಗೆ ಗಂಡಸರು ಅನ್ನುವುದು ಆಯುರ್ವೇದದ ಪಂಚಕರ್ಮ ಚಿಕಿತ್ಸೆಯಲ್ಲಿ ನಮಗೆಲ್ಲ ಕಲಿಸಿದ ಕ್ರಮ. ಅದನ್ನೂ ಬಿಟ್ಟೆ, ಜನ ಜಾಸ್ತಿ ಬರಲಿ ಅಂತ. ಹುಡುಗಿಯರಿಗೆ ಸಂಬಳ ಒಂಬತ್ತು ಸಾವಿರ. "ಮೇಲೆ ಟಿಪ್ಸ್ ಸಿಗ್ತದೆ" ಅಂತ ನಾನೇ ಹೇಳಿ ಸೇರಿಸಿಕೊಂಡದ್ದು.

ಅಲ್ಲೇ ನಾನು ಎಡವಿದೆ.

ಫೋನ್ ಬರಲು ಶುರುವಾಯಿತು. "ಎಕ್ಸ್‌ಟ್ರಾ ಉಂಟಾ ಮೇಡಂ?" ಹತ್ತು ಫೋನಿನಲ್ಲಿ ನಾಲ್ಕು ಹೀಗೆ. ಇಲ್ಲ ಅಂದರೆ ನಗುತ್ತಾರೆ. ಇಲ್ಲ ಅನ್ನುವುದು ಈ ಅಂಗಡಿಗಳ ಮಾಮೂಲಿ ಮಾತು, ಒಳಗೆ ಹೋದ ಮೇಲೆ ನೋಡುವ ಅಂತ ಅವರ ಲೆಕ್ಕ. ಒಳಗೆ ಹೋದ ಮೇಲೆ ಐನೂರರ ನೋಟು ತೆಗೆದು ಮೇಜಿನ ಮೇಲಿಟ್ಟು ಕೇಳುತ್ತಾರೆ. ಒಂಬತ್ತು ಸಾವಿರ ಸಂಬಳದವಳ ಎದುರು ಐನೂರರ ನೋಟು ಇಟ್ಟರೆ ಅದು ಬರೀ ಟಿಪ್ಸ್ ಅಲ್ಲ, ಅಲ್ವಾ? ಅವಳು ಇಲ್ಲ ಅಂದರೆ ಆ ದಿನದ ಹಣ ಹೋಯಿತು. ಆ ಕತ್ತರಿಯಲ್ಲಿ ಅವಳನ್ನು ಸಿಕ್ಕಿಸಿದ್ದು ಗಿರಾಕಿ ಒಬ್ಬನೇ ಅಲ್ಲ, ನಾನೂ ಹೌದು.

ಇದು ನನಗೆ ತಲೆಗೆ ಹೋದದ್ದು ತಡವಾಗಿ. ಒಬ್ಬ ಕಂಟ್ರಾಕ್ಟರ್ ತಿಂಗಳಿಗೆ ನಾಲ್ಕು ಸಲ ಬರುತ್ತಿದ್ದ. ಗೆಳೆಯರನ್ನೂ ಕರೆತರುತ್ತಿದ್ದ. ಒಬ್ಬಳು ಹುಡುಗಿ ಎರಡು ಸಲ ಬಂದು ಹೇಳಿದಳು, "ಅಕ್ಕ, ಅವರಿಗೆ ನಾನು ಮಾಡುವುದಿಲ್ಲ." ನಾನು ಕೇಳಿಯೂ ಕೇಳದ ಹಾಗೆ ಮಾಡಿದೆ. ಬಾಡಿಗೆಯ ತಾರೀಖು ಹತ್ತಿರ ಇತ್ತು. ಮೂರನೇ ಸಲ ಅವಳು ಹೇಳಲಿಲ್ಲ, ಕೆಲಸಕ್ಕೇ ಬರಲಿಲ್ಲ. ಅವಳ ಮನೆಯಲ್ಲಿ ಆಸ್ಪತ್ರೆ ಕೆಲಸ ಅಂತ ಹೇಳಿದ್ದಳಂತೆ. ಆಮೇಲೆ ಗೊತ್ತಾಯಿತು. ಅವಳ ಒಂದು ಮದುವೆ ಸಂಬಂಧವೂ ಈ ಕೆಲಸದ ಕಾರಣಕ್ಕೇ ಮುರಿದಿತ್ತು.

2018ರಲ್ಲಿ ಊರಿನ ಇನ್ನೊಂದು ಕಡೆ ಯಾವುದೋ ಸ್ಪಾಗೆ ಪೊಲೀಸ್ ರೈಡ್ ಆಯಿತು. ನಮಗೂ ಅದಕ್ಕೂ ಸಂಬಂಧ ಇಲ್ಲ. ವಾರದೊಳಗೆ ಕಟ್ಟಡದ ಮಾಲೀಕರು ಬಂದರು. "ನಿಮ್ಮ ಮೇಲೆ ಸಂಶಯ ಇಲ್ಲ ಮಾರ್ರೆ, ಆದ್ರೆ ನಮಗೆ ತೊಂದರೆ ಆಗ್ತದೆ." ಅವರ ಹೆದರಿಕೆ ಪೂರ್ತಿ ಸುಳ್ಳಲ್ಲ. 1956ರ ಅನೈತಿಕ ಸಾಗಾಟ ತಡೆ ಕಾಯ್ದೆಯಲ್ಲಿ ವೇಶ್ಯಾವಾಟಿಕೆಯ ಅಡ್ಡೆ ನಡೆಸಿದವರಿಗೆ ಮಾತ್ರ ಅಲ್ಲ, ಗೊತ್ತಿದ್ದೂ ಜಾಗ ಕೊಟ್ಟವರಿಗೂ ಶಿಕ್ಷೆ ಉಂಟು. ಅಂಗಡಿ ಖಾಲಿ ಮಾಡಿದೆ. ಬಣ್ಣ, ವಯರಿಂಗ್ ಅಂತ ಹಿಡಿದು ಅಡ್ವಾನ್ಸಿನಲ್ಲಿ ಒಂದು ಲಕ್ಷ ಚಿಲ್ಲರೆ ವಾಪಸು ಬಂತು. ಒಟ್ಟು ನಷ್ಟ ನಾಲ್ಕೂವರೆ ಲಕ್ಷದ ಹತ್ತಿರ.

ಎಂಟು ತಿಂಗಳು ಮನೆಯಲ್ಲಿ ಕೂತೆ. ಬಾಣಂತಿ ಮೀಯಿಸುವ ಕೆಲಸ ಸಿಕ್ಕಿದಾಗ ಹೋದೆ. ಅಲ್ಲಿ ಒಂದು ವಿಷಯ ನೋಡಿದೆ. ಅಜ್ಜಿಯ ಕಾಲದಲ್ಲೂ ಈಗಲೂ ಹಣ ಕೊಡುವುದು ಮನೆಯ ಹಿರಿಯರು, ಎಲ್ಲ ಮುಗಿದ ಮೇಲೆ, ಮೊದಲೇ ಮಾತಾಡಿದಷ್ಟು. ಮೈ ಮುಟ್ಟುವ ಹೊತ್ತಿಗೂ ಹಣದ ಮಾತಿಗೂ ಸಂಬಂಧವೇ ಇಲ್ಲ. ನನ್ನ ಅಂಗಡಿಯಲ್ಲಿ ಎರಡೂ ಒಂದೇ ಕೋಣೆಯಲ್ಲಿ ಇದ್ದವು.

2019ರಲ್ಲಿ ಕೊಟ್ಟಾರದಲ್ಲಿ ಒಂದು ಹಳೇ ಹಂಚಿನ ಮನೆ ಹಿಡಿದೆ. ಬೋರ್ಡಿನಲ್ಲಿ ಸ್ಪಾ ಇಲ್ಲ, ಮಸಾಜ್ ಇಲ್ಲ, ಬರೀ ಎಣ್ಣೆ ಚಿಕಿತ್ಸೆ. ಜಗಲಿಯಲ್ಲಿ ಮೇಜು ಹಾಕಿ ಕೂತೆ, ರಸ್ತೆಗೆ ಕಾಣುವ ಹಾಗೆ. ಬಂದವರು ಅಲ್ಲೇ ಕೂತು ಎಲ್ಲಿ ನೋವು, ಎಷ್ಟು ದಿನದಿಂದ, ಬಿಪಿ ಉಂಟಾ ಅಂತ ಒಂದು ಕಾರ್ಡು ತುಂಬಿಸಬೇಕು. ಹತ್ತು ನಿಮಿಷ ಹಿಡಿಯುತ್ತದೆ. ಬೇರೆ ಉದ್ದೇಶದವರು ಆ ಹತ್ತು ನಿಮಿಷ ದಾರಿಯಲ್ಲಿ ಹೋಗುವವರ ಎದುರು ಕೂರುವುದಿಲ್ಲ. ಫೋನ್ ಮಾಡಿ ಈಗ ಬಂದೆ ಅಂತ ಎದ್ದು ಹೋದವರನ್ನು ಇವತ್ತಿಗೂ ಕಾಯುತ್ತಿದ್ದೇನೆ. ಫೋನಿನಲ್ಲಿ ನಾನು ಕೇಳುವ ಒಂದು ಪ್ರಶ್ನೆಯೂ ಉಂಟು. ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಉತ್ತರ ಕಲಿತುಕೊಂಡೇ ಫೋನ್ ಮಾಡುತ್ತಾರೆ.

ಇದೆಲ್ಲ ಸಣ್ಣ ಸಂಗತಿ. ದೊಡ್ಡದು ಟಿಪ್ಸ್. ಸಂಬಳ ಹದಿನೆಂಟು ಸಾವಿರ ಮಾಡಿದೆ, ನಾಲ್ಕು ಜನಕ್ಕೆ. ಟಿಪ್ಸ್ ತೆಗೆದುಕೊಳ್ಳುವ ಹಾಗಿಲ್ಲ, ಒಂದು ರೂಪಾಯಿಯೂ. ಹಣ ಎಲ್ಲ ಜಗಲಿಯಲ್ಲೇ, ಮೊದಲೇ, ನನ್ನ ಕೈಗೆ. ಒಂದು ಗಂಟೆಗೆ ಒಂಬೈನೂರು ಇದ್ದದ್ದು ಸಾವಿರದ ಮುನ್ನೂರು ಆಯಿತು. ಜೊತೆಗೆ ಗಂಡಸರಿಗೆ ಗಂಡಸರೇ. ಮೊದಲ ಮೂರು ತಿಂಗಳು ತಿಂಗಳಿಗೆ ಎಪ್ಪತ್ತು ಎಪ್ಪತ್ತೈದು ಜನ. ಖರ್ಚಿಗೇ ಸಾಲದು. ಸೊಸೈಟಿಯಲ್ಲಿ ಬಳೆ ಅಡವಿಟ್ಟೆ. ಗಂಡ ಏನೂ ಹೇಳಲಿಲ್ಲ, ಬರೀ ನನ್ನ ಖಾಲಿ ಕೈ ನೋಡಿದರು. ಎಂಟನೇ ತಿಂಗಳು ನೂರಹತ್ತು ದಾಟಿತು, ಬಳೆ ಬಿಡಿಸಿದೆ. ಅಷ್ಟರಲ್ಲಿ ಲಾಕ್‌ಡೌನ್ ಬಂತು, ಆ ಕತೆ ನಿಮಗೂ ಗೊತ್ತು. ಈಗ ತಿಂಗಳಿಗೆ ನೂರರವತ್ತರ ಆಸುಪಾಸು. ಸಂಬಳ ಇಪ್ಪತ್ನಾಲ್ಕು ಸಾವಿರ.

ಇನ್ನೊಂದು ನಿಯಮಕ್ಕೆ ಎಲ್ಲರೂ ನಕ್ಕರು. ಒಳಗೆ ಯಾರಾದರೂ ಕೇಳಬಾರದ್ದು ಕೇಳಿದರೆ ಒಂದು ಸಲ ಎಚ್ಚರಿಕೆ. ಎರಡನೇ ಸಲಕ್ಕೆ ಬೆಲ್. ಬೆಲ್ ಒತ್ತಿದವರಿಗೆ ನಾನು ಕಾರಣ ಕೇಳುವುದಿಲ್ಲ. ಕೆಲಸ ಅಲ್ಲಿಗೆ ಮುಗಿಯಿತು, ಪೂರ್ತಿ ಹಣ ವಾಪಸು. "ಅವನು ಮಾಡಿದ ತಪ್ಪಿಗೆ ನೀವು ಹಣ ಕೊಡುವುದಾ?" ಅಂತ ನನ್ನ ತಮ್ಮನೇ ಬೈದ. ಆದರೆ ಹಣ ಇಟ್ಟುಕೊಂಡರೆ ಅವನು ಅರ್ಧ ಗಂಟೆ ಜಗಳಕ್ಕೆ ನಿಲ್ಲುತ್ತಾನೆ. ಕೊಟ್ಟರೆ ಮಾತೇ ಇಲ್ಲ, ಚಪ್ಪಲಿ ಹಾಕಿಕೊಂಡು ಹೋಗುತ್ತಾನೆ. ಮೊದಲ ವರ್ಷ ಹನ್ನೊಂದೋ ಹನ್ನೆರಡೋ ಸಲ, ಹದಿನೈದು ಸಾವಿರ ಖರ್ಚು. ಕಳೆದ ವರ್ಷ ಎರಡೇ. ಹೆಚ್ಚಿನ ಸಲ ಬೆಲ್ ಒತ್ತಿದ್ದು ನಮ್ಮ ಹುಡುಗ, ಹುಡುಗಿಯರಲ್ಲ. ಗಂಡಸರಿಗೆ ಈ ಕಾಟ ಇಲ್ಲ ಅಂತ ತಿಳಿದಿದ್ದೆ, ಅದು ನನ್ನ ದಡ್ಡತನ.

ಹೊಸಬರಿಗೆ ಒಂದು ವಿಷಯ ಬಿಡಿಸಿ ಹೇಳಬೇಕಾಗುತ್ತದೆ. ಎಣ್ಣೆ, ಬಿಸಿ, ಒತ್ತಡ ಬಿದ್ದಾಗ ಗಂಡಸಿನ ಮೈ ಕೆಲವೊಮ್ಮೆ ತಾನಾಗಿ ಪ್ರತಿಕ್ರಿಯೆ ಕೊಡುತ್ತದೆ. ಅದು ಕೇಳಿದ ಹಾಗಲ್ಲ. ಅವರಿಗೇ ನಾಚಿಕೆ ಆಗಿರುತ್ತದೆ. ಸುಮ್ನೆ ಟವೆಲ್ ಸರಿಮಾಡಿ, ಕಾಲಿನ ಕಡೆ ಹೋಗಿ, ಎರಡು ನಿಮಿಷ ಪಾದ ತಿಕ್ಕಿ. ಅದಕ್ಕೆ ಬೆಲ್ ಬೇಡ. ಬಾಯಿ ತೆರೆದರೆ, ಕೈ ಬಂದರೆ ಬೆಲ್.

ನಡುವೆ ಯಕ್ಷಗಾನದವರ ಮೇಲೂ ಒಂದು ಪ್ರಯೋಗ ಮಾಡಿದೆ. ಮಳೆಗಾಲಕ್ಕೆ ಮೊದಲು ಬರುವ ಪತ್ತನಾಜೆ ಕಳೆದು, ಮೇಳಗಳು ವರ್ಷದ ಆಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ಕಲಾವಿದರಿಗೆ ಅರ್ಧ ದರ. ರಾತ್ರಿಯೆಲ್ಲ ಧೀಂಗಿಣ ಹಾಕಿ ಹಾರಿ ತಿರುಗಿದ ಮೊಣಕಾಲು, ಕಿರೀಟ ಹೊತ್ತ ಕುತ್ತಿಗೆ. ಉಳುಕು, ನೋವಿಗೆ ಹಾಕುವ ಮುರಿವೆಣ್ಣೆ ಒಂದೇ ಹಾಕಿದಾಗ ಅಷ್ಟಕ್ಕಷ್ಟೇ. ಅದಕ್ಕೆ ಅಜ್ಜಿ ಸೇರಿಸುತ್ತಿದ್ದ ಒಂದು ಎಲೆ ಕಾಯಿಸಿ ಹಾಕಿದ ಮೇಲೆ ಒಬ್ಬರು ಮೆಟ್ಟಿಲು ಕೈ ಹಿಡಿಯದೆ ಇಳಿದರು. ಯಾವ ಎಲೆ ಅಂತ ಕೇಳಬೇಡಿ. ಹಣ ಅದರಲ್ಲಿ ಏನೂ ಉಳಿಯಲಿಲ್ಲ. ಆದರೆ ವೇಷ ಕಟ್ಟುವ ಚೌಕಿಯಿಂದ ಚೌಕಿಗೆ ಮಾತು ಹೋಯಿತು, ಆಮೇಲೆ ಅವರ ಮನೆಯ ಹೆಂಗಸರು ಬಂದರು. ನನಗೆ ಬೇಕಾಗಿದ್ದದ್ದು ಅದೇ. ಮಲ್ಪೆಯ ಬೋಟಿನವರಿಗೂ ಜೂನ್, ಜುಲೈ ಮೀನುಗಾರಿಕೆ ನಿಷೇಧದ ಸಮಯದಲ್ಲಿ ಹೀಗೇ ಮಾಡಿ ನೋಡಿದೆ. ಅಷ್ಟು ದೂರದಿಂದ ಯಾರೂ ಬರಲಿಲ್ಲ, ನೋಟೀಸು ಹಂಚಿದ ಎರಡು ಸಾವಿರ ನೀರಿಗೆ.

2025ರ ಜನವರಿಯಲ್ಲಿ ಮಂಗಳೂರಿನ ಬಿಜೈಯ ಒಂದು ಸೆಲೂನಿಗೆ ಗುಂಪು ನುಗ್ಗಿ ಎಲ್ಲ ಒಡೆದು ಹಾಕಿತು. ಆಮೇಲೆ ಪೊಲೀಸರು ಅವರನ್ನು ಹಿಡಿದರು. ಆ ವಾರ ನಮ್ಮಲ್ಲಿ ಒಂಬತ್ತು ಅಪಾಯಿಂಟ್‌ಮೆಂಟ್ ಕ್ಯಾನ್ಸಲ್. ಹುಡುಗಿಯರು ಹೆದರಿದ್ದರು. ನಾನು ಜಗಲಿಯ ಮೇಜನ್ನು ಇನ್ನೂ ಎರಡು ಅಡಿ ರಸ್ತೆಯ ಕಡೆ ತಂದೆ.

ಈ ವೃತ್ತಿಯ ಸಭೆಗಳಲ್ಲಿ ಒಂದು ಮಾತು ಯಾವಾಗಲೂ ಬರುತ್ತದೆ: "ಆ ಹೆಂಗಸರಿಂದ ನಮ್ಮ ಹೆಸರು ಹಾಳು." ನಾನು ಅದಕ್ಕೆ ತಲೆಯಾಡಿಸುವುದಿಲ್ಲ. ಲೈಂಗಿಕ ವೃತ್ತಿಯ ಆ ಹೆಂಗಸರ ಕೆಲಸ ಬೇರೆ, ನನ್ನ ಕೆಲಸ ಬೇರೆ. ಅವರನ್ನೂ ಮನುಷ್ಯರಂತೆ ಮರ್ಯಾದೆಯಿಂದ ನೋಡಿ ಅಂತ 2022ರಲ್ಲಿ ಸುಪ್ರೀಂ ಕೋರ್ಟೇ ಪೊಲೀಸರಿಗೆ ಹೇಳಿದೆ. ನನ್ನ ಹೆಸರು ಹಾಳು ಮಾಡಿದ್ದು ಅವರಲ್ಲ. ಒಂಬತ್ತು ಸಾವಿರ ಸಂಬಳ ಮತ್ತು ನನ್ನ ಕಪ್ಪು ಗಾಜು.

ಹೋದ ತಿಂಗಳು ಒಂದು ಹೋಟೆಲಿನವರು ಬಂದು ಅವರ ಮಸಾಜ್ ಕೋಣೆ ನಡೆಸಿಕೊಡಿ ಅಂದರು. ತಿಂಗಳಿಗೆ ಒಳ್ಳೆ ಮೊತ್ತವೇ. ಟಿಪ್ಸ್ ಇರಬಾರದು, ಬೆಲ್ ಇರಬೇಕು, ಬೆಲ್ ಒತ್ತಿದರೆ ನಿಮ್ಮ ಗೆಸ್ಟ್ ಆದರೂ ಹೊರಗೆ ಅಂತ ಬರೆದು ಕೊಟ್ಟೆ. ನೋಡಿ ಹೇಳುತ್ತೇವೆ ಅಂದಿದ್ದಾರೆ. ಇನ್ನೂ ಫೋನ್ ಬಂದಿಲ್ಲ.