ತೂಕ ಇಳಿಯದಿದ್ದರೂ ಪರವಾಗಿಲ್ಲ, ಸೊಂಟ ಇಳಿಯಲಿ: ಕೊಬ್ಬು ಕರಗಿಸುತ್ತಲೇ ಸ್ನಾಯು ಬೆಳೆಸುವುದು ಹೇಗೆ?

ಸಣ್ಣ ಆಗಬೇಕು ಅಂತ ಮನಸ್ಸು ಮಾಡಿದ ತಕ್ಷಣ ನಮ್ಮಲ್ಲಿ ಎರಡು ಕೆಲಸ ನಡೆಯುತ್ತದೆ. ರಾತ್ರಿ ಊಟ ಬಂದ್, ಬೆಳಿಗ್ಗೆ ವಾಕಿಂಗ್ ಶುರು. ಎರಡು ತಿಂಗಳಲ್ಲಿ ಐದಾರು ಕೆಜಿ ಇಳಿಯುತ್ತದೆ, ಸುಳ್ಳಲ್ಲ. ಆದರೆ ಕನ್ನಡಿ ಮುಂದೆ ನಿಂತರೆ ಕೆನ್ನೆ ಒಳಗೆ ಹೋಗಿದೆ, ಭುಜ ಇಳಿಬಿದ್ದಿದೆ, ಹೊಟ್ಟೆ ಮಾತ್ರ ಎಲ್ಲಿತ್ತೋ ಅಲ್ಲೇ ಇದೆ. ಸಿಕ್ಕಿದವರೆಲ್ಲ "ಯಾಕೆ, ಹುಷಾರಿಲ್ವಾ?" ಅಂತ ಕೇಳುತ್ತಾರೆ.

ಬರೀ ಹೊಟ್ಟೆ ಕಟ್ಟಿದಾಗ ಹೀಗೇ ಆಗುವುದು. ಇಳಿದ ತೂಕದಲ್ಲಿ ಕೊಬ್ಬಿನ ಜೊತೆ ಸ್ನಾಯುವೂ ಹೋಗಿರುತ್ತದೆ. ದೇಹಕ್ಕೆ ಸ್ನಾಯು ದುಬಾರಿ ಸಾಮಾನು, ಕೆಲಸ ಕೊಡದಿದ್ದರೆ ಇಟ್ಟುಕೊಳ್ಳುವುದಿಲ್ಲ. ಹಾಗಾಗಿ ಊಟದಲ್ಲಿ ಸ್ವಲ್ಪವೇ ಸ್ವಲ್ಪ ಕಡಿತ, ತಟ್ಟೆಯಲ್ಲಿ ಪ್ರೋಟೀನ್ ಜಾಸ್ತಿ, ವಾರಕ್ಕೆ ಮೂರು ದಿನ ಭಾರ ಎತ್ತುವುದು, ಈ ಮೂರೂ ಒಟ್ಟಿಗೆ ನಡೆಯಬೇಕು. ಒಂದನ್ನು ಬಿಟ್ಟು ಇನ್ನೆರಡನ್ನು ಜೋರಾಗಿ ಮಾಡುತ್ತೇನೆ ಅಂದರೆ ಲೆಕ್ಕ ಸರಿಹೋಗಲ್ಲ.

ಎರಡೂ ಒಟ್ಟಿಗೆ ಆಗುತ್ತಾ?

ಆಗುತ್ತದೆ, ಆದರೆ ಎಲ್ಲರಿಗೂ ಒಂದೇ ವೇಗದಲ್ಲಿ ಅಲ್ಲ. ಇದುವರೆಗೆ ಸರಿಯಾಗಿ ಭಾರ ಎತ್ತದವರು, ಮೈಯಲ್ಲಿ ಬೊಜ್ಜು ಸ್ವಲ್ಪ ಜಾಸ್ತಿ ಇರುವವರು, ಹಿಂದೆ ಜಿಮ್ ಮಾಡಿ ಮದುವೆ, ಮಕ್ಕಳು ಅಂತ ಬಿಟ್ಟು ಈಗ ವಾಪಸ್ ಬರುತ್ತಿರುವವರು, ಇವರಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ವರ್ಷಗಟ್ಟಲೆ ಪಳಗಿದ, ಹೊಟ್ಟೆಯ ಗೆರೆ ಕಾಣುವ ಮೈಯವರಿಗೆ ತುಂಬಾ ನಿಧಾನ. ಅವರ ದಾರಿ ಬೇರೆ.

ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದವರು 2016ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. 40 ತರುಣರಿಗೆ ನಾಲ್ಕು ವಾರ ಊಟದ ಕ್ಯಾಲೊರಿಯನ್ನು ಶೇ 40ರಷ್ಟು ಇಳಿಸಿ, ವಾರಕ್ಕೆ ಆರು ದಿನ ಚೆನ್ನಾಗಿ ದುಡಿಸಿದರು. ಅರ್ಧ ಜನಕ್ಕೆ ದೇಹದ ತೂಕದ ಪ್ರತಿ ಕೆಜಿಗೆ ದಿನಕ್ಕೆ 1.2 ಗ್ರಾಂ ಪ್ರೋಟೀನ್, ಉಳಿದವರಿಗೆ 2.4 ಗ್ರಾಂ. ಮೊದಲ ಗುಂಪಿನಲ್ಲಿ ಸರಾಸರಿ 3.5 ಕೆಜಿ ಕೊಬ್ಬು ಇಳಿಯಿತು, ಸ್ನಾಯು ಇದ್ದಷ್ಟೇ ಉಳಿಯಿತು. ಎರಡನೇ ಗುಂಪಿನಲ್ಲಿ 4.8 ಕೆಜಿ ಕೊಬ್ಬು ಇಳಿದು, ಕೊಬ್ಬಿಲ್ಲದ ತೂಕ 1.2 ಕೆಜಿ ಏರಿತು. ಅಷ್ಟು ಕಠಿಣ ಕ್ರಮವನ್ನು ಮನೆ, ಆಫೀಸು ಇರುವವರು ನಕಲು ಮಾಡಲು ಹೋಗಬೇಡಿ. ಪ್ರೋಟೀನ್ ಯಾಕೆ ಅಷ್ಟು ಮುಖ್ಯ ಅನ್ನುವುದಕ್ಕೆ ಈ ಮಾತು ಹೇಳಿದೆ, ಅಷ್ಟೆ.

ಕೊಬ್ಬು ಕರಗಿಸುತ್ತಲೇ ಸ್ನಾಯು ಬೆಳೆಸುವುದು ನಮ್ಮವರಿಗೆ ಇನ್ನೂ ಜಾಸ್ತಿ ಬೇಕು. 2004ರಲ್ಲಿ ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಡಾ. ಜಾನ್ ಯುಡ್ಕಿನ್ ತಮ್ಮಿಬ್ಬರ ಫೋಟೊವನ್ನೇ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಹಾಕಿಸಿದರು. ಇಬ್ಬರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) ಕೂಡ 22.3. ಆದರೆ ಮೈಯ ಕೊಬ್ಬು ಅಳೆದರೆ ಯುಡ್ಕಿನ್ ಅವರದು ಶೇ 9.1, ನಮ್ಮ ಯಾಜ್ಞಿಕ್ ಅವರದು ಶೇ 21.2. ನೋಡಲು ತೆಳ್ಳಗೆ, ಒಳಗೆ ಕೊಬ್ಬು. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಮುಂದೆ ಇರುವ ಮೈಕಟ್ಟು ನಮ್ಮ ಆಫೀಸುಗಳಲ್ಲಿ ಎಷ್ಟು ಕಾಣಿಸುತ್ತದೆ ಅಲ್ವಾ? ಅಂಥವರಿಗೆ "ಹತ್ತು ಕೆಜಿ ಇಳಿಸಿ" ಅನ್ನುವ ಸಲಹೆಯೇ ತಪ್ಪು.

ಮೊದಲು ಅಳತೆ

ಟೈಲರ್ ಟೇಪ್ ಸಾಕು. ಬೆಳಿಗ್ಗೆ ಬರಿಹೊಟ್ಟೆಯಲ್ಲಿ, ಉಸಿರು ಬಿಟ್ಟು, ಹೊಟ್ಟೆ ಒಳಗೆ ಎಳೆದುಕೊಳ್ಳದೆ ಹೊಕ್ಕುಳ ಮಟ್ಟದಲ್ಲಿ ಅಳೆದು ಬರೆದಿಡಿ. ಭಾರತೀಯರಿಗೆ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ದಾಟಿದರೆ ಅಪಾಯದ ಗೆರೆ ದಾಟಿದಂತೆ. ವಾರಕ್ಕೊಮ್ಮೆ ಅದೇ ದಿನ, ಅದೇ ಹೊತ್ತಿಗೆ ಅಳೆಯಿರಿ. ತೂಕವನ್ನೂ ನೋಡಬಹುದು, ಆದರೆ ಅದರ ಮಾತಿಗೆ ತಲೆ ಕೆಡಿಸಿಕೊಳ್ಳಬೇಡಿ. ಹಿಂದಿನ ರಾತ್ರಿ ಉಪ್ಪಿನಕಾಯಿ, ಹಪ್ಪಳ ಜಾಸ್ತಿ ತಿಂದಿದ್ದರೆ ಬೆಳಿಗ್ಗೆ ಒಂದು ಕೆಜಿ ನೀರೇ ಏರಿರುತ್ತದೆ. ಎರಡು ಕೆಜಿ ಕೊಬ್ಬು ಇಳಿದು ಒಂದೂವರೆ ಕೆಜಿ ಸ್ನಾಯು ಬಂದರೆ ಮಷಿನ್ ತೋರಿಸುವುದು ಅರ್ಧ ಕೆಜಿ ಮಾತ್ರ. ಬೆಲ್ಟಿನಲ್ಲಿ ಒಂದು ತೂತು ಒಳಗೆ ಹೋಗಿರುತ್ತದೆ, ಅದು ಲೆಕ್ಕ.

ಎಷ್ಟು ಕಡಿತ?

ಕುಂತು ಕೆಲಸ ಮಾಡುವವರಾದರೆ ನಿಮ್ಮ ತೂಕವನ್ನು 30ರಿಂದ ಗುಣಿಸಿ. 75 ಕೆಜಿಗೆ 2250. ತೂಕ ಹೆಚ್ಚುಕಮ್ಮಿ ಆಗದೆ ನಿಲ್ಲಲು ದಿನಕ್ಕೆ ಬೇಕಾಗುವ ಕ್ಯಾಲೊರಿ ಅಂದಾಜು ಇಷ್ಟು. ಅದರಲ್ಲಿ ಮುನ್ನೂರು ಕಳೆಯಿರಿ, ಸಾಕು. ಒಂದೇ ಸಲ ಸಾವಿರ ಕಳೆದರೆ ಭಾರ ಎತ್ತಲು ಶಕ್ತಿ ಇರಲ್ಲ, ನಿದ್ದೆ ಕೆಡುತ್ತದೆ, ಹತ್ತನೇ ದಿನ ಬೇಕರಿ ಮುಂದೆ ನಿಂತಿರುತ್ತೀರಿ.

ಮುನ್ನೂರು ಎಲ್ಲಿಂದ ಕಳೆಯುವುದು? ಅನ್ನಕ್ಕೆ ಕೈಹಾಕುವ ಮೊದಲು ಎಣ್ಣೆ ನೋಡಿ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 120 ಕ್ಯಾಲೊರಿ ಇದೆ, ಕಡಲೆಕಾಯಿ ಎಣ್ಣೆಯಾದರೂ ಅಷ್ಟೇ, ಆಲಿವ್ ಆದರೂ ಅಷ್ಟೇ. ಒಗ್ಗರಣೆಗೆ ಕ್ಯಾನಿನಿಂದ ನೇರವಾಗಿ ಸುರಿಯುವ ಮನೆಯಲ್ಲಿ ಒಂದು ವಾರ ಚಮಚದಲ್ಲಿ ಅಳೆದು ಹಾಕಿ ನೋಡಿ, ಎಷ್ಟು ಹೋಗುತ್ತಿತ್ತು ಅಂತ ಗೊತ್ತಾಗುತ್ತದೆ. ದಿನಕ್ಕೆ ನಾಲ್ಕು ಕಾಫಿ, ಪ್ರತಿಯೊಂದಕ್ಕೂ ಎರಡು ಚಮಚ ಸಕ್ಕರೆ, ಸಂಜೆ ಅದರ ಜೊತೆ ನಾಲ್ಕು ಬಿಸ್ಕತ್ತು. ಬಹಳ ಜನಕ್ಕೆ ಇಷ್ಟನ್ನು ಸರಿಮಾಡಿದರೆ ಮುನ್ನೂರು ಸಿಕ್ಕೇಬಿಡುತ್ತದೆ, ಮುದ್ದೆಯನ್ನೂ ಅನ್ನವನ್ನೂ ಬೈಯುವ ಅಗತ್ಯವೇ ಬರಲ್ಲ.

ತಟ್ಟೆಯಲ್ಲಿ ಪ್ರೋಟೀನ್ ಎಲ್ಲಿದೆ?

ಕೆಜಿಗೆ 1.6 ಗ್ರಾಂ ಗುರಿ ಇಟ್ಟುಕೊಳ್ಳಿ. 75 ಕೆಜಿಯವರಿಗೆ ದಿನಕ್ಕೆ 120 ಗ್ರಾಂ. ತುಂಬಾ ದಪ್ಪ ಇರುವವರು ಈಗಿನ ತೂಕದ ಬದಲು ತಲುಪಬೇಕಾದ ತೂಕಕ್ಕೆ ಲೆಕ್ಕ ಹಾಕಿ. ನಮ್ಮ ಊಟದಲ್ಲಿ ನಿಜವಾಗಿ ಕಷ್ಟ ಇರುವುದು ಇಲ್ಲಿಯೇ. "ನಾವು ದಿನಾ ಬೇಳೆ ತಿಂತೀವಲ್ಲ" ಅನ್ನುತ್ತಾರೆ. ತಿನ್ನುವುದು ಬೇಳೆ ಅಲ್ಲ, ಬೇಳೆಯ ನೀರು. ತೊಗರಿಬೇಳೆಯ ನೂರು ಗ್ರಾಂನಲ್ಲಿ 22 ಗ್ರಾಂ ಪ್ರೋಟೀನ್ ಇದೆ, ಒಪ್ಪೋಣ. ಆದರೆ ನಾಲ್ಕು ಜನದ ಸಾರಿಗೆ ಬೀಳುವುದೇ ಒಂದು ಹಿಡಿ, ಅದರಲ್ಲೂ ಮೇಲಿನ ತಿಳಿಯನ್ನು ಬಡಿಸಿಕೊಂಡರೆ ನಿಮಗೆ ಬಂದದ್ದು ಎರಡು ಮೂರು ಗ್ರಾಂ. ಸೌಟು ತಳಕ್ಕೆ ಹೋಗಬೇಕು. ಬಸ್ಸಾರು ಮಾಡುವ ಮನೆಯವರು ಇನ್ನೊಂದು ಗಮನಿಸಿ: ಬಸಿದ ನೀರು ಸಾರಾಗುತ್ತದೆ, ಬೆಂದ ಕಾಳು ಪಲ್ಯಕ್ಕೆ ಹೋಗುತ್ತದೆ. ಸಾರಲ್ಲಿ ಮುದ್ದೆ ಅದ್ದಿ ನುಂಗಿ, ಪಲ್ಯ ಒಂದು ಚಮಚ ಹಾಕಿಸಿಕೊಂಡರೆ ಏನು ಬಂತು? ಪಲ್ಯವೇ ಒಂದು ಬಟ್ಟಲು ಇರಲಿ, ಮುದ್ದೆ ಒಂದೇ ಇರಲಿ.

ಒಂದು ದಿನದ ಲೆಕ್ಕ ಹೀಗೆ ಕೂಡಿಸಬಹುದು. ಬೆಳಿಗ್ಗೆ ಎರಡು ಇಡ್ಲಿ, ಗಟ್ಟಿ ಸಾಂಬಾರು, ಮೂರು ಮೊಟ್ಟೆ ಅಂದರೆ ಸುಮಾರು 25 ಗ್ರಾಂ. ಇದರಲ್ಲಿ ಮೊಟ್ಟೆಯದೇ 18. ಮಧ್ಯಾಹ್ನ ಒಂದು ಮುದ್ದೆ, ಐವತ್ತು ಗ್ರಾಂ ಒಣಕಾಳು ಬೇಯಿಸಿದಷ್ಟು ಹುರುಳಿ ಅಥವಾ ಹೆಸರುಕಾಳಿನ ಪಲ್ಯ, ಒಂದು ದೊಡ್ಡ ಬಟ್ಟಲು ಮೊಸರು, ಇಲ್ಲಿ 23ರ ಹತ್ತಿರ. ಸಂಜೆ ಒಂದು ಹಿಡಿ ಹುರಿಗಡಲೆಗೆ ಆರು, ಒಂದು ಸ್ಕೂಪ್ ವೇ ಪ್ರೋಟೀನಿಗೆ (ಹಾಲಿನಿಂದ ತೆಗೆದ ಪ್ರೋಟೀನ್ ಪುಡಿ) 24. ರಾತ್ರಿ ಎರಡು ಚಪಾತಿ ಜೊತೆ ನೂರೈವತ್ತು ಗ್ರಾಂ ಚಿಕನ್, ಸುಮಾರು 39. ಕೂಡಿಸಿದರೆ ನೂರಿಪ್ಪತ್ತರ ಆಸುಪಾಸು ಬಂತು. ಕರಾವಳಿಯವರು ಚಿಕನ್ ಜಾಗಕ್ಕೆ ಬಂಗುಡೆ ಇಟ್ಟುಕೊಳ್ಳಬಹುದು, ಆದರೆ ದಿನಾ ಫ್ರೈ ಬೇಡ, ಪುಳಿಮುಂಚಿ ಮಾಡಿ.

ಪೂರ್ತಿ ಸಸ್ಯಾಹಾರಿಗಳಿಗೆ ಬಚಾವ್ ಮಾಡುವುದು ಸೋಯಾ ಚಂಕ್ಸ್. ಒಣಗಿದ್ದು ನೂರು ಗ್ರಾಂಗೆ 52 ಗ್ರಾಂ ಪ್ರೋಟೀನ್, ಬೆಲೆಯೂ ಕಡಿಮೆ. ಬಿಸಿನೀರಲ್ಲಿ ನೆನೆಸಿ, ಎರಡು ಸಲ ಹಿಂಡಿ, ಸಾಗು ಮಸಾಲೆಗೆ ಹಾಕಿದರೆ ಆ ಹಸಿ ವಾಸನೆ ಹೋಗುತ್ತದೆ. ನಲವತ್ತು ಗ್ರಾಂ ಸೋಯಾ, ಎಪ್ಪತ್ತೈದು ಗ್ರಾಂ ಪನ್ನೀರ್ ಸೇರಿದರೆ ಚಿಕನ್ನಿನ ಜಾಗ ತುಂಬುತ್ತದೆ. ಬೆಳಿಗ್ಗೆ ಮೊಟ್ಟೆ ಬದಲು ಅಕ್ಕಿ ಹಾಕದ ಹೆಸರುಕಾಳಿನ ದೋಸೆ, ಪಕ್ಕದಲ್ಲಿ ಗಟ್ಟಿ ಮೊಸರು. ಕಡಲೆಕಾಯಿಯನ್ನು ಮಾತ್ರ ಪ್ರೋಟೀನ್ ಅಂತ ಮುಷ್ಟಿಗಟ್ಟಲೆ ತಿನ್ನಬೇಡಿ. ನೂರು ಗ್ರಾಂನಲ್ಲಿ ಪ್ರೋಟೀನ್ 25 ಇದ್ದರೆ ಕೊಬ್ಬು ಅದರ ಎರಡು ಪಟ್ಟು, ಕ್ಯಾಲೊರಿ 560 ದಾಟುತ್ತದೆ. ರಾಗಿ ಒಳ್ಳೆಯದು, ಕ್ಯಾಲ್ಸಿಯಂ ಭರ್ಜರಿ, ಆದರೆ ಪ್ರೋಟೀನ್ ಬರೀ ಏಳು. ಮುದ್ದೆ ತಿಂದು ಪೈಲ್ವಾನ್ ಆದವರು ಮುದ್ದೆಯ ಜೊತೆ ಏನು ತಿನ್ನುತ್ತಿದ್ದರು ಅಂತಲೂ ಕೇಳಬೇಕು.

ಭಾರ ಎತ್ತುವುದು

ವಾರಕ್ಕೆ ಮೂರು ದಿನ, ಮಧ್ಯೆ ಒಂದೊಂದು ದಿನ ಬಿಡುವು. ಸೋಮವಾರ ಎದೆ, ಮಂಗಳವಾರ ಬೈಸೆಪ್ಸ್ ಅಂತ ಹರಿದು ಹಂಚುವುದು ಹೊಸಬರಿಗೆ ಬೇಡ. ಪ್ರತಿ ಸಲವೂ ಇಡೀ ಮೈಗೆ ಕೆಲಸ ಕೊಡಿ: ಕೂತು ಏಳುವ ಸ್ಕ್ವಾಟ್, ನೆಲದಿಂದ ಅಥವಾ ಮೊಣಕಾಲ ಕೆಳಗಿನಿಂದ ಭಾರ ಎತ್ತುವ ಡೆಡ್‌ಲಿಫ್ಟ್, ಮುಂದಕ್ಕೆ ತಳ್ಳುವ ಬೆಂಚ್ ಪ್ರೆಸ್ ಅಥವಾ ದಂಡ, ಹಿಂದಕ್ಕೆ ಎಳೆಯುವ ರೋ, ತಲೆಯ ಮೇಲಿಂದ ಎಳೆಯುವ ಪುಲ್‌ಡೌನ್. ಪ್ರತಿಯೊಂದೂ ಮೂರು ಸೆಟ್, ಎಂಟರಿಂದ ಹನ್ನೆರಡು ರೆಪ್. ಒಂದು ಸಲ ಎತ್ತಿ ಇಳಿಸಿದರೆ ಒಂದು ರೆಪ್, ಬಿಡುವಿಲ್ಲದೆ ಮಾಡಿದ ರೆಪ್‌ಗಳ ಒಂದು ಕಂತು ಒಂದು ಸೆಟ್. ಸೆಟ್ಟಿನ ನಡುವೆ ಎರಡು ನಿಮಿಷ ಸುಮ್ನೆ ಕೂರಿ, ಫೋನ್ ಆಮೇಲೆ.

ಸ್ಕ್ವಾಟ್ ಒಂದನ್ನು ಹತ್ತಿರದಿಂದ ನೋಡೋಣ, ಹೆಚ್ಚು ಕೆಡುವುದು ಅದೇ. ಮೊದಲ ತಿಂಗಳು ಹೆಗಲ ಮೇಲೆ ರಾಡ್ ಬೇಡ. ಒಂದು ಡಂಬಲ್ಲನ್ನು ಎರಡೂ ಅಂಗೈಯಲ್ಲಿ ಎದೆಗೆ ಆನಿಸಿ ಹಿಡಿಯಿರಿ. ಕಾಲು ಭುಜದಷ್ಟು ಅಗಲ, ಬೆರಳು ಸ್ವಲ್ಪ ಹೊರಗೆ. ಹೊಟ್ಟೆಗೆ ಯಾರೋ ಗುದ್ದುತ್ತಾರೆ ಅನ್ನುವ ಹಾಗೆ ಬಿಗಿ ಮಾಡಿ, ಉಸಿರು ತುಂಬಿಕೊಂಡು, ತೊಡೆ ನೆಲಕ್ಕೆ ಸಮ ಆಗುವವರೆಗೆ ನಿಧಾನ ಇಳಿಯಿರಿ. ಮೊಣಕಾಲು ಬೆರಳು ಹೋದ ದಿಕ್ಕಿಗೇ ಹೋಗಬೇಕು, ಒಳಗೆ ವಾಲಬಾರದು. ಪಾದ ಅಲ್ಲಾಡುತ್ತಿದ್ದರೆ ಶೂ ಬಿಚ್ಚಿ ಮಾಡಿ ನೋಡಿ. ಮೆತ್ತನೆ ಅಡಿಯ ರನ್ನಿಂಗ್ ಶೂನಿಂದಲೇ ಅರ್ಧ ಜನ ಅಲ್ಲಾಡುತ್ತಾರೆ.

ಎಷ್ಟು ಭಾರ ಅನ್ನುವುದಕ್ಕೆ ಒಂದು ಗುರುತು ಇದೆ. ಕೊನೆಯ ಎರಡು ರೆಪ್‌ನಲ್ಲಿ ನೀವು ಬೇಡ ಅಂದರೂ ವೇಗ ತಾನಾಗಿ ಕಮ್ಮಿ ಆಗಬೇಕು, ಆದರೂ ಇನ್ನೊಂದೆರಡು ಎಳೆಯಬಹುದಿತ್ತು ಅನ್ನಿಸಬೇಕು. ಹನ್ನೆರಡನೆಯದೂ ಮೊದಲನೆಯದರಷ್ಟೇ ಸಲೀಸಾಗಿ ಹೋದರೆ ಅದು ಕೈಬೀಸಿದ ಹಾಗೆ, ಸ್ನಾಯುವಿಗೆ ಸುದ್ದಿ ಮುಟ್ಟಲ್ಲ. ನೋಟ್‌ಬುಕ್ಕಿನಲ್ಲಿ ಬರೆಯಿರಿ: 20 ಕೆಜಿ, 10, 9, 8. ಮುಂದಿನ ಸಲ ಅದರ ಮೇಲೆ ಒಂದಾದರೂ ರೆಪ್ ಸೇರಬೇಕು. ಮೂರೂ ಸೆಟ್ಟಲ್ಲಿ ಹನ್ನೆರಡು ಬಂದ ದಿನ ಎರಡೂವರೆ ಕೆಜಿ ಏರಿಸಿ ಮತ್ತೆ ಎಂಟರಿಂದ ಶುರು. ಜಿಮ್‌ನಲ್ಲಿ ವರ್ಷಗಟ್ಟಲೆ ಅದೇ ಡಂಬಲ್ ಹಿಡಿದು ಅದೇ ಮೈಯಲ್ಲಿ ಇರುವವರ ಹತ್ತಿರ ಈ ನೋಟ್‌ಬುಕ್ ಇರುವುದಿಲ್ಲ.

ಜಿಮ್ ದೂರ ಇದ್ದರೆ? ಮೈಸೂರಿನ ಗರಡಿ ಮನೆಗಳಲ್ಲಿ ದಂಡ, ಬಸ್ಕಿಯಿಂದಲೇ ಮೈ ಕಟ್ಟಿದವರಿದ್ದಾರೆ, ಮನೆಯಲ್ಲೂ ಶುರುಮಾಡಬಹುದು. ಬೆನ್ನಿಗೆ ಬ್ಯಾಗ್ ಹಾಕಿ ಅದರಲ್ಲಿ ಅಕ್ಕಿ ಪ್ಯಾಕೆಟ್ ಏರಿಸುತ್ತಾ ಹೋಗಿ. ಕಷ್ಟ ಇರುವುದು ಎಳೆಯುವ ವ್ಯಾಯಾಮಕ್ಕೆ. ಅದಕ್ಕೆ ಬಾಗಿಲ ಪುಲ್-ಅಪ್ ರಾಡ್ ಬೇಕು, ಇಲ್ಲವೇ ಸೊಂಟ ಬಗ್ಗಿಸಿ ಅದೇ ಬ್ಯಾಗನ್ನು ಹೊಟ್ಟೆಯ ಕಡೆ ಎಳೆಯಬೇಕು.

ಹೆಂಗಸರು ಭಾರ ಎತ್ತಿದರೆ ಗಂಡಸರ ಥರ ಆಗುತ್ತಾರೆ ಅನ್ನುವ ಮಾತು ಇನ್ನೂ ಓಡಾಡುತ್ತಿದೆ. ಅಂಥ ಮೈಗೆ ಬೇಕಾದ ಟೆಸ್ಟೋಸ್ಟೆರಾನ್ ಹಾರ್ಮೋನ್ ಹೆಂಗಸರಲ್ಲಿ ಗಂಡಸರಿಗಿಂತ ಎಷ್ಟೋ ಪಟ್ಟು ಕಡಿಮೆ. ಮೇಲೆ ಬರೆದದ್ದೆಲ್ಲ ಅವರಿಗೂ ಹಾಗೇ ಅನ್ವಯಿಸುತ್ತದೆ, ಗುಲಾಬಿ ಬಣ್ಣದ ಒಂದು ಕೆಜಿ ಡಂಬಲ್ ಬಿಡಿ. ಇನ್ನು ಹೊಟ್ಟೆ ಕರಗಿಸಲು ನೂರು ಕ್ರಂಚಸ್ ಹೊಡೆಯುವವರಿಗೆ: ಕೆಲಸ ಕೊಟ್ಟ ಜಾಗದಿಂದಲೇ ಕೊಬ್ಬು ಹೋಗುವುದಿಲ್ಲ, ಎಲ್ಲಿಂದ ಮೊದಲು ಅಂತ ದೇಹವೇ ತೀರ್ಮಾನಿಸುತ್ತದೆ.

ಉಳಿದ ಸಣ್ಣಪುಟ್ಟದ್ದು

ವಾಕಿಂಗ್ ಬಿಡಬೇಡಿ, ದಿನಕ್ಕೆ ಏಳೆಂಟು ಸಾವಿರ ಹೆಜ್ಜೆ ಸಾಕು. ನಿದ್ದೆ ಏಳು ಗಂಟೆಗೆ ಕಮ್ಮಿ ಬೇಡ. ಶಿಕಾಗೊದಲ್ಲಿ ಡಯಟ್ ಮಾಡುತ್ತಿದ್ದವರನ್ನು ಎರಡು ವಾರ ಐದೂವರೆ ಗಂಟೆ ಮಾತ್ರ ಮಲಗಿಸಿ ನೋಡಿದರು. ಎಂಟೂವರೆ ಗಂಟೆ ಮಲಗಿದಾಗಿನದಕ್ಕಿಂತ ಕೊಬ್ಬು ಇಳಿದದ್ದು ಅರ್ಧಕ್ಕಿಂತ ಕಡಿಮೆ, ಸ್ನಾಯು ಹೋದದ್ದು ಜಾಸ್ತಿ. 2010ರಲ್ಲಿ ಬಂದ ಈ ಪ್ರಯೋಗದಲ್ಲಿ ಇದ್ದದ್ದು ಹತ್ತೇ ಜನ, ಆದರೂ ನೈಟ್ ಶಿಫ್ಟಿನವರು ಯೋಚಿಸಬೇಕಾದ ವಿಷಯ.

ಪೌಡರ್ ಡಬ್ಬಿಗಳಲ್ಲಿ ವೇ ಪ್ರೋಟೀನ್ ಅನುಕೂಲಕ್ಕೆ, ಅದು ಹಾಲಿನದೇ ಪದಾರ್ಥ. ಕ್ರಿಯಾಟಿನ್ ಮೊನೊಹೈಡ್ರೇಟ್ ದಿನಕ್ಕೆ ಮೂರರಿಂದ ಐದು ಗ್ರಾಂ ತಗೊಂಡರೆ ಒಂದೆರಡು ರೆಪ್ ಜಾಸ್ತಿ ಬರುತ್ತದೆ, ಸ್ನಾಯುವಿನಲ್ಲಿ ನೀರು ಹಿಡಿದು ಮೊದಲಿಗೆ ತೂಕ ಸ್ವಲ್ಪ ಏರುತ್ತದೆ, ಗಾಬರಿ ಬೇಡ. ಫ್ಯಾಟ್ ಬರ್ನರ್‌ಗೆ ದುಡ್ಡು ಹಾಕುವ ಬದಲು ಮೊಟ್ಟೆ ತಗೊಳ್ಳಿ. ಲೇಬಲ್ ಇಲ್ಲದ ಪುಡಿಯನ್ನೋ ಇಂಜೆಕ್ಷನ್ನನ್ನೋ ಟ್ರೇನರ್ ಕೈಗೆ ಕೊಟ್ಟರೆ ಆ ಜಿಮ್ಮನ್ನೇ ಬಿಡಿ. ಕಿಡ್ನಿ ತೊಂದರೆ ಇರುವವರು ಪ್ರೋಟೀನ್ ಏರಿಸುವ ಮೊದಲು, ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುವವರು ಊಟ ಕಡಿಮೆ ಮಾಡುವ ಮೊದಲು, ಬಿಪಿ, ಹರ್ನಿಯಾ, ಹೃದಯದ ತೊಂದರೆ ಇರುವವರು ಹಾಗೂ ಗರ್ಭಿಣಿಯರು ಭಾರ ಮುಟ್ಟುವ ಮೊದಲು ತಮ್ಮ ಡಾಕ್ಟರನ್ನು ಕೇಳಲೇಬೇಕು.

ಮೂರು ತಿಂಗಳಾದ ಮೇಲೆ

ಟೇಪ್ ಮತ್ತು ನೋಟ್‌ಬುಕ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಸೊಂಟ ಇಳಿದು ಭಾರ ಏರಿದ್ದರೆ ತೂಕ ಏನೇ ಹೇಳಲಿ, ಏನನ್ನೂ ಬದಲಿಸಬೇಡಿ. ಸೊಂಟ ಇಳಿದು ಭಾರವೂ ಇಳಿಯುತ್ತಿದ್ದರೆ ಕಡಿತ ಜಾಸ್ತಿ ಆಗಿದೆ, ಮಧ್ಯಾಹ್ನ ಒಂದು ಸೌಟು ಅನ್ನ ವಾಪಸ್ ತನ್ನಿ. ಭಾರ ಏರುತ್ತಿದ್ದು ಸೊಂಟ ಮೂರು ವಾರದಿಂದ ಅಲ್ಲೇ ನಿಂತಿದ್ದರೆ ಸಾಮಾನ್ಯವಾಗಿ ಸೋಮವಾರದಿಂದ ಶುಕ್ರವಾರದವರೆಗೆ ಏನೂ ತಪ್ಪಿರುವುದಿಲ್ಲ. ಐದು ದಿನ ಮುನ್ನೂರರಂತೆ ಉಳಿಸಿದ 1500 ಕ್ಯಾಲೊರಿ ಶನಿವಾರ, ಭಾನುವಾರದ ಬಿರಿಯಾನಿ, ಕಬಾಬ್, ಬಿಯರಿನಲ್ಲಿ ಭರ್ತಿಯಾಗಿರುತ್ತದೆ. ಬಿರಿಯಾನಿ ಬಿಡಿ ಅಂತ ಹೇಳುತ್ತಿಲ್ಲ. ಆ ಎರಡು ದಿನ ತಿಂದದ್ದನ್ನೂ ಅದೇ ನೋಟ್‌ಬುಕ್ಕಿನಲ್ಲಿ ಎರಡು ವಾರ ಬರೆದು ನೋಡಿ, ಆಮೇಲೆ ಎಲ್ಲಿ ಕಡಿಮೆ ಮಾಡಬೇಕು ಅಂತ ತೀರ್ಮಾನಿಸಿ.