ಮೀನು ಬಿಟ್ಟವನು ನಾನೇ

ಯಲಹಂಕದ ಕಡೆ ನಮ್ಮ ಬಡಾವಣೆಯ ಅಂಚಿನಲ್ಲೊಂದು ಹಳೆಯ ಕುಂಟೆಯಿದೆ. ಮಾರ್ಚ್ ಬಂತೆಂದರೆ ಯಾರೋ ಹಸಿರು ಪೇಂಟಿನ ಡಬ್ಬ ಮಗುಚಿದ ಹಾಗೆ ಅದರ ಮೇಲೆ ಪಾಚಿ ಕಟ್ಟುತ್ತಿತ್ತು. ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡಿದವನೆಂಬ ಕಾರಣಕ್ಕೆ ಅದರ ಉಸ್ತುವಾರಿ ನನ್ನ ತಲೆಗೆ ಬಂತು.

ಮೊದಲು ಮಾಡಿದ್ದು ಬಾಟಲಿ ಪರೀಕ್ಷೆ. ಗಾಜಿನ ಬಾಟಲಿಗೆ ಕುಂಟೆಯ ನೀರು ತುಂಬಿ ಅಲುಗಾಡಿಸದೆ ರಾತ್ರಿಯಿಡೀ ಇಟ್ಟೆ. ಬೆಳಿಗ್ಗೆ ಹಸಿರೆಲ್ಲ ಮೇಲೆ ಕೆನೆಗಟ್ಟಿತ್ತು. ಸಾಮಾನ್ಯ ಹಸಿರು ಪಾಚಿ ಹೆಚ್ಚಾಗಿ ತಳಕ್ಕೆ ಇಳಿಯುತ್ತದೆ. ತೇಲುವುದು ಒಡಲಲ್ಲಿ ಗಾಳಿಚೀಲ ಇಟ್ಟುಕೊಂಡ ನೀಲಿ-ಹಸಿರು ಪಾಚಿ. ಸೂಕ್ಷ್ಮದರ್ಶಕದಲ್ಲಿ ಲೋಳೆಯೊಳಗೆ ಗುಂಪುಗಟ್ಟಿದ ಮೈಕ್ರೋಸಿಸ್ಟಿಸ್ ಕಂಡಿತು. ಇದರ ವಿಷ ಯಕೃತ್ತಿಗೆ ಕುತ್ತು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮೈಕ್ರೋಗ್ರಾಂ ಎಂಬುದು ಆ ವಿಷಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ ಗೆರೆ. ಹಸು ಮೇಯಿಸುವವರಿಗೆ ಅಂದೇ ಹೇಳಿ ಬಂದೆ.

ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಸುರಿಯೋಣ ಎಂದರು ಕೆಲವರು. ಸುರಿದರೆ ಕೋಶಗಳು ಒಡೆದು ಒಳಗಿನ ವಿಷವೆಲ್ಲ ಒಮ್ಮೆಗೇ ನೀರಿಗೆ ಬೀಳುತ್ತದೆ, ತಾಮ್ರ ಹೂಳಿನಲ್ಲಿ ಉಳಿಯುತ್ತದೆ. ಬೇಡವೆಂದೆ. ಬ್ರಿಟನ್ನಿನಲ್ಲಿ ಬಾರ್ಲಿ ಹುಲ್ಲು ಹಾಕುತ್ತಾರೆಂದು ಓದಿದ್ದರಿಂದ ರಾಗಿಹುಲ್ಲಿನ ಹೊರೆಗಳನ್ನು ಬಿಗಿದು ಇಳಿಬಿಟ್ಟೆ. ಗಾಳಿಯಾಡದೆ ಅದು ಕೊಳೆತು ನಾರಿತು, ಬಡಾವಣೆಯವರ ಮಾತು ಕೇಳುವ ಹಾಗಿರಲಿಲ್ಲ. ಹುಲ್ಲನ್ನು ಸಡಿಲವಾಗಿ ಬಲೆಯಲ್ಲಿ ತುಂಬಿ ಮೇಲ್ಮಟ್ಟದಲ್ಲೇ ತೇಲಿಸಬೇಕು. ಹಾಗೆ ಮಾಡಿದರೂ ಅದು ಹೊಸ ಬೆಳವಣಿಗೆಯನ್ನು ತಡೆಯಬಹುದೇ ಹೊರತು ಬೆಳೆದು ನಿಂತ ಪಾಚಿಯನ್ನು ಕೊಲ್ಲುವುದಿಲ್ಲ. ಅದು ತಿಳಿಯುವ ಹೊತ್ತಿಗೆ ನಾನು ಹೊರೆಗಳನ್ನು ಮೂಗು ಮುಚ್ಚಿಕೊಂಡು ಎಳೆಯುತ್ತಿದ್ದೆ.

ಒಂದು ದಿನ ಹಳೆಯ ವಾಯಿಲ್ ಸೀರೆಯ ತುಂಡಿನಲ್ಲಿ ನಾಲ್ಕು ಬಕೆಟ್ ನೀರು ಸೋಸಿದೆ. ಪಾಚಿ ತಿನ್ನಬೇಕಾದ ನೀರುಚಿಗಟ (ಡಾಫ್ನಿಯಾ ಎಂಬ ಪುಟ್ಟ ನೀರುಜೀವಿ) ಒಂದೂ ಇಲ್ಲ. ಮೀನಿಲ್ಲದ ಪಕ್ಕದ ತೊಟ್ಟಿಯಲ್ಲಿ ಅವು ಕುಣಿಯುತ್ತಿದ್ದವು. ಆಗ ನೆನಪಾಯಿತು: ಎರಡು ವರ್ಷದ ಹಿಂದೆ ಸೊಳ್ಳೆಗೆಂದು ಕುಂಟೆಗೆ ಗಂಬೂಸಿಯಾ ಮೀನು ಬಿಟ್ಟವನು ನಾನೇ. ಆ ಮೀನಿಗೆ ಸೊಳ್ಳೆಮರಿಯೂ ಒಂದೇ, ನೀರುಚಿಗಟವೂ ಒಂದೇ. ಈ ಮೀನು ಬಿಟ್ಟ ಕೊಳಗಳು ಹಸಿರಾಗುವುದನ್ನು ಅಮೆರಿಕದ ವಿಜ್ಞಾನಿಗಳು 1972ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದರು.

ಗಂಬೂಸಿಯಾ ಮರಿ ಹಾಕುವ ಮೀನು. ಬಸುರಿ ಮೀನೊಂದು ಉಳಿದರೆ ಸಾಕು, ಸಂಸಾರ ಮತ್ತೆ ಶುರು. ಬೇಸಿಗೆಯ ಕೊನೆಗೆ ನೀರು ಒಂದು ಗುಂಡಿಗೆ ಇಳಿದಾಗ ಬಲೆ ಹಾಕಿ ತೆಗೆಸಿದೆವು. ಜೊತೆಗೆ ಹೂಳನ್ನೂ ಎತ್ತಿಸಿದೆವು, ಏಕೆಂದರೆ ತಳದಲ್ಲಿ ಆಮ್ಲಜನಕ ಮುಗಿದಾಗ ಹೂಳೇ ಪಾಚಿಗೆ ಗೊಬ್ಬರವಾಗುವ ರಂಜಕವನ್ನು (ಫಾಸ್ಫರಸ್) ನೀರಿಗೆ ಬಿಡುತ್ತದೆ. ಬಟ್ಟೆ ಒಗೆದ ನೀರು, ಅಡುಗೆಮನೆಯ ನೀರು ಮಳೆಚರಂಡಿಗೆ ಸೇರುತ್ತಿದ್ದ ಪೈಪೊಂದನ್ನು ಬೇರೆಡೆ ತಿರುಗಿಸಲು ಎಂಟು ತಿಂಗಳು ಹಿಡಿಯಿತು. ಮೀನು ಹಿಡಿಯುವುದು ಅದಕ್ಕಿಂತ ಸುಲಭ.

ಪೈಪಿನ ತೆಪ್ಪಗಳ ಮೇಲೆ ಲಾವಂಚ, ಕಾಬಾಳೆ ನೆಟ್ಟೆವು. ಬೇರು ರಂಜಕ ಹೀರುತ್ತದೆ ನಿಜ, ಆದರೆ ಗಿಡವನ್ನು ಕತ್ತರಿಸಿ ದೂರ ಸಾಗಿಸಬೇಕು. ನಮ್ಮ ಮಾಲಿ ಕತ್ತರಿಸಿದ್ದನ್ನು ದಡದಲ್ಲೇ ರಾಶಿ ಹಾಕುತ್ತಿದ್ದ. ಮೊದಲ ಮಳೆಗೆ ಅದೆಲ್ಲ ಮರಳಿ ಕುಂಟೆಗೇ ಇಳಿಯಿತು.

ನೀರುಚಿಗಟಗಳು ಮಳೆಗಾಲ ಕಳೆಯುವಷ್ಟರಲ್ಲಿ ತಾವಾಗಿಯೇ ಬಂದವು. ಆದರೆ ಅವು ಬಿಡಿ ಕೋಶಗಳನ್ನು ತಿನ್ನುತ್ತವೆ. ಮೈಕ್ರೋಸಿಸ್ಟಿಸ್ ಗುಂಪುಗಟ್ಟಿ ದಪ್ಪವಾದ ಮೇಲೆ ಅವುಗಳ ಬಾಯಿಗೆ ಹಿಡಿಸುವುದಿಲ್ಲ. ಹಾಗಾಗಿ ಫೆಬ್ರವರಿಯಲ್ಲಿ ಅವು ಎಷ್ಟಿವೆ ಎಂಬುದೇ ನನಗೆ ಮುಖ್ಯ. ಏಪ್ರಿಲ್‌ನಲ್ಲಿ ಎಣಿಸಿ ಪ್ರಯೋಜನವಿಲ್ಲ.

ಸೊಳ್ಳೆಯ ಬಗ್ಗೆ ಸಭೆಯಲ್ಲಿ ಜಗಳವೇ ಆಯಿತು. ಜುಲೈನಲ್ಲಿ ಸೊಳ್ಳೆ ಹೆಚ್ಚಿದ್ದೂ ಹೌದು. ಈಗ ಪ್ರತಿ ಭಾನುವಾರ ಸೌಟಿನಿಂದ ನೀರು ಮೊಗೆದು ಮರಿ ಎಣಿಸುತ್ತೇನೆ. ಹೆಚ್ಚಾದರೆ ಬಿಟಿಐ ಬ್ಯಾಕ್ಟೀರಿಯಾದ ಪುಡಿ ಹಾಕುತ್ತೇನೆ. ಅದು ಸೊಳ್ಳೆಮರಿಯನ್ನು ಕೊಲ್ಲುತ್ತದೆ, ನೀರುಚಿಗಟವನ್ನು ಬಿಡುತ್ತದೆ.

ಈ ಮಾರ್ಚ್‌ನಲ್ಲಿ ಬಾಟಲಿಯ ಕೆನೆ ಒಂದು ದಾರದಷ್ಟು ದಪ್ಪವಿತ್ತು. ಮೊನ್ನೆ ಹುಡುಗನೊಬ್ಬ ಪ್ಲಾಸ್ಟಿಕ್ ಚೀಲದಲ್ಲಿ ಗಪ್ಪಿ ಮೀನು ಹಿಡಿದು ದಡಕ್ಕೆ ಬಂದಿದ್ದ, ಕುಂಟೆಗೆ ಬಿಡಲು. ಅವನ ಜೊತೆ ಅರ್ಧ ಗಂಟೆ ಮಾತಾಡಿದೆ. ಗಪ್ಪಿಗಳು ಈಗ ನಮ್ಮ ಮನೆಯ ತೊಟ್ಟಿಯಲ್ಲಿವೆ.